ಕಾಯುವವರ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಶಟಲ್ ಬಸ್ ಆಡಳಿತ ಮಂಡಳಿಗೆ ಒಂದು ಬಹಿರಂಗ ಪತ್ರ

ಅಧ್ಯಕ್ಷರಿಗೆ ಮತ್ತು ಎಲ್ಲ ಸದಸ್ಯರಿಗೆ,
ರೆಸಾರ್ಟ್ ವಲಯದ ಶಟಲ್ ಬಸ್ ಆಡಳಿತ ಮಂಡಳಿ

ವಿಷಯ: ಶಟಲ್ ಬಸ್ಸನ್ನು ಎಲ್ಲರ ಸಾರಿಗೆಯಾಗಿ ನಡೆಸಬೇಕೆಂಬ ಮನವಿ

ಮಾನ್ಯರೇ,

ನಾನು ಈ ರೆಸಾರ್ಟ್ ವಲಯದ ಒಂದು ಹೋಟೆಲಿನ ರಿಸೆಪ್ಷನ್‌ನಲ್ಲಿ ಕೆಲಸ ಮಾಡುತ್ತೇನೆ. ಕೆಲಸಕ್ಕೆ ಬರುವುದು ನಿಮ್ಮ ಶಟಲ್ ಬಸ್ಸಿನಲ್ಲಿ, ಮನೆಗೆ ಹೋಗುವುದೂ ಅದರಲ್ಲೇ. ಹಾಗಾಗಿ ಈ ಬಸ್ಸನ್ನು ಎರಡೂ ಕಡೆಯಿಂದ ನೋಡುತ್ತಿದ್ದೇನೆ. "ಗೇಟಿನ ಹತ್ತಿರವೇ ಬಸ್ ಬರುತ್ತೆ ಸರ್, ಕಾಲು ಗಂಟೆಗೊಂದು ಇದೆ" ಎಂದು ಅತಿಥಿಗಳಿಗೆ ಹೇಳಿ ಕಳಿಸುವವಳು ನಾನೇ. ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತು ವಾಪಸ್ ಬಂದ ಅವರ ಮಾತು ಕೇಳಿಸಿಕೊಳ್ಳುವವಳೂ ನಾನೇ. ಶಿಫ್ಟ್ ಮುಗಿದ ಮೇಲೆ ಅದೇ ಸ್ಟಾಪಿನಲ್ಲಿ ಅವರ ಪಕ್ಕದಲ್ಲೇ ನಿಂತು ಕಾಯುತ್ತೇನೆ.

ಬಸ್ಸೇ ದಂಡ ಎನ್ನುವ ಪತ್ರ ಇದಲ್ಲ. ಈ ಬಸ್ ನಿಂತುಹೋದರೆ ನಮ್ಮ ರಸ್ತೆಗಳ ಗತಿ ಏನಾಗುತ್ತದೆ ಎಂದು ನನಗೆ ಗೊತ್ತು. ಪ್ರವಾಸಿಗರು ತುಂಬಿದ ಜಾಗಕ್ಕೆ ಬಸ್ ಎಷ್ಟು ಮುಖ್ಯ ಎಂಬುದಕ್ಕೆ ಬೇರೆ ಕಡೆ ಒಳ್ಳೆಯ ಉದಾಹರಣೆಗಳಿವೆ. ಅಮೆರಿಕದ ಯೂಟಾ ರಾಜ್ಯದಲ್ಲಿರುವ ಜಯಾನ್ ರಾಷ್ಟ್ರೀಯ ಉದ್ಯಾನದಲ್ಲಿ ಕಣಿವೆಯೊಳಗೆ ಹೋಗಲು ಇರುವುದು ಒಂದೇ ರಸ್ತೆ. ಕಾರುಗಳು ಜಾಸ್ತಿಯಾಗಿ, ನಿಲ್ಲಿಸಲು ಜಾಗವಿಲ್ಲದೆ, ಗಿಡಗಳ ಮೇಲೆಲ್ಲ ಚಕ್ರ ಹರಿಯತೊಡಗಿತು. 2000ನೇ ಇಸವಿಯಲ್ಲಿ ಅಲ್ಲಿ ಉಚಿತ ಶಟಲ್ ಶುರುವಾಯಿತು. ಶಟಲ್ ಓಡುವ ದಿನಗಳಲ್ಲಿ ಸಾಮಾನ್ಯ ಪ್ರವಾಸಿಗರ ಕಾರನ್ನು ಆ ಕಣಿವೆ ರಸ್ತೆಗೆ ಬಿಡುವುದಿಲ್ಲ. ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ನಲ್ಲಂತೂ ಊರೊಳಗೆ ಪ್ರವಾಸಿಗರ ಕಾರಿಗೆ ಜಾಗವೇ ಇಲ್ಲ. ಸುಮಾರು 5 ಕಿಲೋಮೀಟರ್ ದೂರದ ಟ್ಯಾಶ್‌ನಲ್ಲಿ ಕಾರು ಬಿಟ್ಟು ರೈಲು ಅಥವಾ ಟ್ಯಾಕ್ಸಿ ಹತ್ತಬೇಕು. ಊರೊಳಗೆ ಬ್ಯಾಟರಿ ಬಸ್ಸು, ಬ್ಯಾಟರಿ ಟ್ಯಾಕ್ಸಿಗಳು ಓಡಾಡುತ್ತವೆ.

ಆ ಊರುಗಳಲ್ಲಿ ಜನ ಕಾರು ಬಿಟ್ಟು ಬರುವುದು ಬಸ್ಸಿನ ಮೇಲೆ ನಂಬಿಕೆ ಇರುವುದರಿಂದ. ನಮ್ಮಲ್ಲಿ ಆ ನಂಬಿಕೆ ದಿನೇ ದಿನೇ ಕರಗುತ್ತಿದೆ. ಯಾಕೆ ಎಂದು ನನಗೆ ಕಂಡಷ್ಟು ಹೇಳುತ್ತೇನೆ. ದಯವಿಟ್ಟು ಪೂರ್ತಿ ಓದಿ.

ಮೊದಲನೆಯ ದೂರು, ಬಸ್ಸುಗಳು ಜೋಡಿಯಾಗಿ ಬರುವುದು. ಇದನ್ನು ಎಲ್ಲರೂ ನೋಡಿದ್ದೇವೆ. ಅರ್ಧ ಗಂಟೆ ಒಂದೂ ಬಸ್ ಇರುವುದಿಲ್ಲ. ಆಮೇಲೆ ಒಂದರ ಬೆನ್ನಿಗೆ ಒಂದು ಎರಡು ಬರುತ್ತವೆ. ಮುಂದಿನದರಲ್ಲಿ ಕಾಲಿಡಲು ಜಾಗವಿಲ್ಲ, ಹಿಂದಿನದರಲ್ಲಿ ನಾಲ್ಕು ಜನ. ಜನ ಡ್ರೈವರನ್ನು ಬೈಯುತ್ತಾರೆ. ತಪ್ಪು ಡ್ರೈವರದ್ದಲ್ಲ. ಒಂದು ಬಸ್ ಯಾವುದೋ ಕಾರಣಕ್ಕೆ ಸ್ವಲ್ಪ ತಡವಾಯಿತು ಎಂದುಕೊಳ್ಳಿ. ಮುಂದಿನ ಸ್ಟಾಪಿನಲ್ಲಿ ಅಷ್ಟರೊಳಗೆ ಜನ ಜಾಸ್ತಿ ಸೇರಿರುತ್ತಾರೆ. ಅವರು ಹತ್ತಲು, ಸ್ಟ್ರಾಲರ್ ಮಡಚಲು, ಟಿಕೆಟಿಗೆ ಹಣ ಹುಡುಕಲು ಹೊತ್ತು ಬೇಕು. ಬಸ್ ಇನ್ನೂ ತಡವಾಗುತ್ತದೆ. ಅದರ ಹಿಂದಿನ ಬಸ್ಸಿಗೆ ಹತ್ತುವವರೇ ಇಲ್ಲ, ಹಾಗಾಗಿ ಅದು ಬೇಗ ಬೇಗ ಬಂದು ಮುಂದಿನದನ್ನು ಹಿಡಿದುಬಿಡುತ್ತದೆ. ಯಾರೂ ತಡೆಯದಿದ್ದರೆ ಇದು ತಾನಾಗಿಯೇ ಆಗುತ್ತದೆ. ಬಸ್ ಓಡಿಸುವ ಎಲ್ಲ ಊರುಗಳಲ್ಲೂ ಇರುವ ತೊಂದರೆ ಇದು.

ಆದರೆ ಇದರಿಂದ ಆಗುವ ನಷ್ಟ ನಿಮ್ಮ ವರದಿಗಳಲ್ಲಿ ಕಾಣುವುದೇ ಇಲ್ಲ. ಕಾಲು ಗಂಟೆಗೊಂದು ಬಸ್ ಸರಿಯಾಗಿ ಬರುತ್ತಿದ್ದರೆ, ಗಡಿಯಾರ ನೋಡದೆ ಸುಮ್ನೆ ಸ್ಟಾಪಿಗೆ ಬಂದವರು ಸರಾಸರಿ ಏಳೂವರೆ ನಿಮಿಷ ಕಾಯುತ್ತಾರೆ. ಅವೇ ಬಸ್ಸುಗಳು ಜೋಡಿಯಾಗಿ ಅರ್ಧ ಗಂಟೆಗೊಮ್ಮೆ ಬಂದರೆ ಸರಾಸರಿ 15 ನಿಮಿಷ ಕಾಯಬೇಕು. ಎರಡು ಸಂದರ್ಭದಲ್ಲೂ ಗಂಟೆಗೆ ನಾಲ್ಕು ಬಸ್ಸೇ. ಇಂಧನ ಅಷ್ಟೇ, ಸಂಬಳ ಅಷ್ಟೇ, ಓಡಿದ ಕಿಲೋಮೀಟರ್ ಅಷ್ಟೇ. ಕಾಯುವ ಹೊತ್ತು ಮಾತ್ರ ಎರಡು ಪಟ್ಟು. ಅದರ ಜೊತೆಗೆ, ಮುಂದಿನ ಬಸ್ ತುಂಬಿ ಹತ್ತಲಾಗದೆ ಉಳಿದವರ ಪಾಡು ಬೇರೆ. "ನಿಗದಿಯಾದ ಎಲ್ಲ ಟ್ರಿಪ್ ಓಡಿಸಿದ್ದೇವೆ" ಎಂದು ನೀವು ಹೇಳಿದರೆ ಅದು ನಿಜವೇ ಇರಬಹುದು. ಸ್ಟಾಪಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತ ತಾಯಿಗೆ ಆ ನಿಜದಿಂದ ಏನು ಪ್ರಯೋಜನ?

ಇದಕ್ಕೆ ಪರಿಹಾರ ಹೊಸದೇನಲ್ಲ. ಮಾರ್ಗದ ಮಧ್ಯೆ ಒಂದೆರಡು ಕಡೆ ಬಸ್ಸುಗಳ ನಡುವಿನ ಅಂತರ ನೋಡಿ, ಬೇಗ ಬಂದ ಬಸ್ಸನ್ನು ಒಂದೆರಡು ನಿಮಿಷ ನಿಲ್ಲಿಸಬೇಕು. ಇದನ್ನು ಡ್ರೈವರ್ ತಲೆಗೆ ಕಟ್ಟಬಾರದು. ಎಲ್ಲ ಬಸ್ಸೂ ಎಲ್ಲಿವೆ ಎಂದು ಪರದೆಯ ಮೇಲೆ ನೋಡುತ್ತಾ, ರೇಡಿಯೋದಲ್ಲಿ ಹೇಳುವ ಒಬ್ಬರು ಕಂಟ್ರೋಲ್ ರೂಮಿನಲ್ಲಿ ಇರಬೇಕು. ಮಾರ್ಗದ ಕೊನೆಯಲ್ಲಿ ತಡವಾದದ್ದನ್ನು ಸರಿದೂಗಿಸಲು ಬಿಡುವಿನ ಹೊತ್ತು ಇರಬೇಕು. ಈಗಿನ ವೇಳಾಪಟ್ಟಿಯಲ್ಲಿ ಆ ಬಿಡುವೇ ಇಲ್ಲ. ಒಂದು ಸುತ್ತು ಮುಗಿದ ತಕ್ಷಣ ಇನ್ನೊಂದು ಸುತ್ತು. ಬೆಳಗ್ಗೆ ಆದ ಐದು ನಿಮಿಷದ ತಡ ಸಂಜೆಯವರೆಗೂ ಬೆಳೆಯುತ್ತಾ ಹೋಗುತ್ತದೆ. ಡ್ರೈವರಿಗೆ ಕೈಕಾಲು ಚಾಚಲು, ಶೌಚಾಲಯಕ್ಕೆ ಹೋಗಲೂ ಹೊತ್ತಿಲ್ಲ. ಅಷ್ಟು ಜನರನ್ನು ಹೊತ್ತು ಓಡಿಸುವವರನ್ನು ಹೀಗೆ ದುಡಿಸುವುದು ಸರಿಯಲ್ಲ, ಅಲ್ವಾ?

ಎರಡನೆಯದು ಮಾರ್ಗದ ವಿಷಯ. ನಿಮ್ಮ ಬಸ್ ಮುಖ್ಯ ರಸ್ತೆಯಲ್ಲಿ ನೇರವಾಗಿ ಹೋಗುವುದು ಕಡಿಮೆ. ಒಂದು ಹೋಟೆಲಿನ ಪೋರ್ಟಿಕೋವರೆಗೆ ಒಳಗೆ ಹೋಗಿ, ಟ್ಯಾಕ್ಸಿಗಳ ಹಿಂದೆ ನಿಂತು, ತಿರುಗಿಸಿಕೊಂಡು ಹೊರಗೆ ಬರುತ್ತದೆ. ಸಿಗ್ನಲ್ ದಾಟಿ ಮುಂದಿನ ಹೋಟೆಲಿನೊಳಗೂ ಹೀಗೆಯೇ. ಒಳಗೆ ಹೋಗಿ ಬರಲು ಮೂರು ನಿಮಿಷ ಎಂದಿಟ್ಟುಕೊಂಡರೂ ಐದು ಹೋಟೆಲಿಗೆ ಕಾಲು ಗಂಟೆ ಆಯಿತು. ಒಬ್ಬ ಅತಿಥಿಗೆ ನಡೆಯುವುದು ಉಳಿಯಲಿ ಎಂದು ಬಸ್ಸಿನಲ್ಲಿ ಕೂತ ಎಲ್ಲರ ಹೊತ್ತು ಹೋಗುತ್ತದೆ. ಆ ಅತಿಥಿಗೂ ಲಾಭವಿಲ್ಲ, ಯಾಕೆಂದರೆ ಅವರೂ ಮಿಕ್ಕ ನಾಲ್ಕು ಹೋಟೆಲ್ ಸುತ್ತಲೇಬೇಕು. ಮುಖ್ಯ ರಸ್ತೆಯಲ್ಲೇ 400 ಮೀಟರಿಗೊಂದು ಒಳ್ಳೆಯ ಸ್ಟಾಪ್ ಇದ್ದರೆ, ರಸ್ತೆ ಬದಿಯ ಯಾವ ಹೋಟೆಲಿನಿಂದಲೂ ನಾಲ್ಕೈದು ನಿಮಿಷದಲ್ಲಿ ನಡೆದು ಬರಬಹುದು. ನಡೆಯಲಾಗದವರಿಗೆ ಬೇರೆ ವ್ಯವಸ್ಥೆ ಬೇಕು ನಿಜ. ಆ ಮಾತಿಗೆ ಆಮೇಲೆ ಬರುತ್ತೇನೆ.

ಇದರ ಜೊತೆ, ಬಸ್ ಒಂದೇ ದಿಕ್ಕಿಗೆ ಸುತ್ತುತ್ತದೆ. ನಮ್ಮ ಹೋಟೆಲಿನಿಂದ ಅತಿಥಿಗಳು ನೋಡಲು ಬರುವ ಪಾರ್ಕಿನ ಮುಖ್ಯ ದ್ವಾರಕ್ಕೆ ಎರಡೇ ಸ್ಟಾಪ್. ಬೆಳಗ್ಗೆ ಅತಿಥಿಗಳು ಖುಷಿಯಾಗಿ ಹೋಗುತ್ತಾರೆ. ಸಂಜೆ ಸುಸ್ತಾಗಿ ಹತ್ತಿದಾಗ ಬಸ್ ಇಡೀ ವಲಯ ಸುತ್ತಿಕೊಂಡು ಕೊನೆಗೆ ನಮ್ಮ ಗೇಟಿಗೆ ಬರುತ್ತದೆ. ಮಕ್ಕಳು ಸೀಟಿನಲ್ಲೇ ನಿದ್ದೆ ಹೋಗಿರುತ್ತಾರೆ. ಮರುದಿನ ಅದೇ ಕುಟುಂಬ ಬಂದು "ಟ್ಯಾಕ್ಸಿ ನಂಬರ್ ಕೊಡಿ ಮೇಡಂ" ಎನ್ನುತ್ತದೆ. ಒಂದು ದಿನ ಬಸ್ಸಿನಲ್ಲಿ ಹೋದವರು ಎರಡನೇ ದಿನ ಟ್ಯಾಕ್ಸಿ ಕೇಳುವುದನ್ನು ನಾನು ಕೌಂಟರಿನಲ್ಲಿ ಕೂತು ನೋಡುತ್ತಲೇ ಇದ್ದೇನೆ. ಟ್ಯಾಕ್ಸಿ ಜಾಸ್ತಿಯಾದಷ್ಟೂ ರಸ್ತೆ ಕಟ್ಟಿಕೊಳ್ಳುತ್ತದೆ. ರಸ್ತೆ ಕಟ್ಟಿಕೊಂಡರೆ ಬಸ್ ಇನ್ನೂ ತಡ. ನೀವು ಸೇರಿಸಿದ ಹೊಸ ಬಸ್ಸುಗಳೂ ಅದೇ ಜಾಮಿನಲ್ಲಿ ಸಿಕ್ಕಿಕೊಳ್ಳುತ್ತಿವೆ. ಸುತ್ತುವ ಮಾರ್ಗ ಬಿಟ್ಟು ಮುಖ್ಯ ರಸ್ತೆಯಲ್ಲಿ ಎರಡೂ ದಿಕ್ಕಿಗೆ ಹೋಗಿ ಬರುವ ನೇರ ಮಾರ್ಗ ಮಾಡಿ. ಇದ್ದ ಬಸ್ಸುಗಳಲ್ಲೇ ಈಗಿನದಕ್ಕಿಂತ ಜಾಸ್ತಿ ಟ್ರಿಪ್ ಓಡಿಸಬಹುದು. ಸುತ್ತಿಗೆ ಬೇಕಾದ ಹೊತ್ತು ಕಡಿಮೆಯಾದರೆ ಅದೇ ಬಸ್ ಬೇಗ ಮರಳಿ ಬರುತ್ತದೆ.

ಪಾರ್ಕಿನ ರಾತ್ರಿ ಪ್ರದರ್ಶನ ಮುಗಿಯುವ ಹೊತ್ತಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ನೀವೇ ಒಮ್ಮೆ ಬಂದು ನಿಂತು ನೋಡಿ. ಪಟಾಕಿ ಸದ್ದು ನಿಂತ ಹತ್ತು ನಿಮಿಷಕ್ಕೆ ಇಡೀ ಜನ ಗೇಟಿನ ಹೊರಗೆ. ಒಂದು ದೊಡ್ಡ ಬಸ್ಸಿನಲ್ಲಿ ನಿಂತವರೂ ಸೇರಿ 60 ಜನ ಹಿಡಿಯುತ್ತಾರೆ ಎಂದುಕೊಂಡರೆ, 600 ಜನರನ್ನು ಸಾಗಿಸಲು ಹತ್ತು ಬಸ್ ಬೇಕು. ಹಗಲಿನ ಹಾಗೆ ಗಂಟೆಗೆ ನಾಲ್ಕು ಬಸ್ ಬಿಟ್ಟರೆ ಕೊನೆಯವರು ಹೊರಡುವಷ್ಟರಲ್ಲಿ ಸುಮಾರು ಎರಡೂವರೆ ಗಂಟೆ ಕಳೆದಿರುತ್ತದೆ. ಅಷ್ಟು ಹೊತ್ತು ಯಾರು ನಿಲ್ಲುತ್ತಾರೆ? ಪ್ರದರ್ಶನ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಮೊದಲೇ ಗೊತ್ತಿರುತ್ತದೆ. ಮಧ್ಯಾಹ್ನ ಖಾಲಿ ಓಡುವ ಬಸ್ಸುಗಳನ್ನು ಡಿಪೋದಲ್ಲಿ ನಿಲ್ಲಿಸಿ, ಆ ಗಂಟೆಗಳನ್ನು ರಾತ್ರಿಗೆ ಉಳಿಸಿಡಿ. ಯಾವ ಸಾಲು ಯಾವ ಮಾರ್ಗಕ್ಕೆ ಎಂದು ಕಂಬಿ ಹಾಕಿ, ಬೋರ್ಡ್ ಇಡಿ. ಈಗ ಅಲ್ಲಿ ಸಾಲೂ ಇಲ್ಲ, ಹೇಳುವವರೂ ಇಲ್ಲ. ಬಲ ಇದ್ದವರು ಹತ್ತುತ್ತಾರೆ, ವಯಸ್ಸಾದವರು ಹಿಂದೆ ಉಳಿಯುತ್ತಾರೆ.

ಇನ್ನು ಈ ಪತ್ರ ಬರೆಯಲು ಕೂರಿಸಿದ ವಿಷಯಕ್ಕೆ ಬರುತ್ತೇನೆ.

ನಿಮ್ಮ ಮೊದಲ ಬಸ್ ಹೊರಡುವುದು ಪಾರ್ಕ್ ತೆರೆಯುವ ಹೊತ್ತಿಗೆ ಸರಿಯಾಗಿ. ಕೊನೆಯ ಬಸ್ ಹೊರಡುವುದು ಅತಿಥಿಗಳು ಖಾಲಿಯಾದ ಮೇಲೆ. ನೋಡಿದರೆ ಸರಿಯಾಗಿಯೇ ಇದೆ ಅನಿಸುತ್ತದೆ. ಆದರೆ ಅತಿಥಿ ಏಳುವ ಮೊದಲೇ ಅಡುಗೆಮನೆಯಲ್ಲಿ ಒಲೆ ಹೊತ್ತಬೇಕು. ಈಜುಕೊಳ ತೊಳೆಯಬೇಕು. ಬಟ್ಟೆ ಒಗೆಯುವ ಯಂತ್ರಗಳು ಶುರುವಾಗಬೇಕು. ರಾತ್ರಿ ಅತಿಥಿ ಕೋಣೆಗೆ ಹೋದ ಮೇಲೆ ಊಟದ ಹಾಲ್ ಗುಡಿಸಬೇಕು, ಪಾತ್ರೆ ತೊಳೆಯಬೇಕು, ಲೆಕ್ಕ ಮುಗಿಸಬೇಕು. ಈ ಕೆಲಸ ಮಾಡುವವರು ಯಾವ ಬಸ್ಸಿನಲ್ಲಿ ಬರಬೇಕು, ಯಾವ ಬಸ್ಸಿನಲ್ಲಿ ಹೋಗಬೇಕು?

ನಮ್ಮ ಹೌಸ್‌ಕೀಪಿಂಗ್‌ನ ಹೆಂಗಸರು ಬೆಳಗಿನ ಕತ್ತಲಲ್ಲಿ ಫುಟ್‌ಪಾತ್ ಇಲ್ಲದ ದೊಡ್ಡ ರಸ್ತೆಯ ಅಂಚಿನಲ್ಲಿ ನಡೆದುಕೊಂಡು ಬರುತ್ತಾರೆ. ಅಡುಗೆಯ ಹುಡುಗರು ರಾತ್ರಿ ಒಂದೇ ಬೈಕಿನಲ್ಲಿ ಮೂವರು ಹೋಗುತ್ತಾರೆ. ಕೆಲವರು ಕೊನೆಯ ಬಸ್ ಹಿಡಿಯಲು ಕೆಲಸ ಅರ್ಧಕ್ಕೆ ಬಿಟ್ಟು ಓಡುತ್ತಾರೆ, ಮರುದಿನ ಬೈಸಿಕೊಳ್ಳುತ್ತಾರೆ. ಬಸ್ ತಪ್ಪಿದವರು ಲಾಕರ್ ರೂಮಿನ ಬೆಂಚಿನ ಮೇಲೆ ಮಲಗಿ ಬೆಳಗ್ಗೆ ಅಲ್ಲಿಂದಲೇ ಮುಂದಿನ ಶಿಫ್ಟಿಗೆ ಹೋಗಿದ್ದನ್ನು ನೋಡಿದ್ದೇನೆ. ಮನೆಯಲ್ಲಿ ಚಿಕ್ಕ ಮಕ್ಕಳಿರುವ ತಾಯಂದಿರೂ ಅದರಲ್ಲಿದ್ದರು. ಇದು ನನ್ನ ಮನಸ್ಸಿಗೆ ತುಂಬಾ ನೋವು ಕೊಟ್ಟಿದೆ.

ಹಗಲಲ್ಲೂ ಬೇರೆ ತೊಂದರೆ ಇದೆ. ನಿಮ್ಮ ಮಾರ್ಗಗಳೆಲ್ಲ ಹೋಟೆಲುಗಳು ಮುಗಿಯುವಲ್ಲಿಗೇ ಮುಗಿಯುತ್ತವೆ. ಕೆಲಸದವರ ಮನೆಗಳು ಶುರುವಾಗುವುದು ಅದರ ಆಚೆ. ಊರಿನ ಸಾಮಾನ್ಯ ಬಸ್ ನಿಲ್ದಾಣ ಇರುವುದೂ ಆಚೆಗೇ. ನಿಮ್ಮ ಮಾರ್ಗ ಇನ್ನೂ ಸ್ವಲ್ಪ ಮುಂದೆ ಹೋದರೆ ಶಟಲ್ಲೂ ಊರಿನ ಬಸ್ಸೂ ಸೇರುತ್ತವೆ. ಸೇರಿಸಿಲ್ಲ. ಹೋಟೆಲಿನ ಕಾರ್ಡ್ ಇದ್ದವರಿಗೆ ಪ್ರಯಾಣ ಉಚಿತ, ಕೆಲಸದವರು ಮಾತ್ರ ಪ್ರತಿ ಸಲ ಟಿಕೆಟ್ ಕೊಳ್ಳಬೇಕು. ತಿಂಗಳ ಪಾಸ್ ಕೂಡ ಇಲ್ಲ. ದಿನಾ ಹತ್ತುವವರಿಗೆ ಇಲ್ಲದ ಸೌಲಭ್ಯ ಎರಡು ದಿನ ಇದ್ದು ಹೋಗುವವರಿಗೆ ಇದೆ.

ಪ್ರವಾಸಿ ಊರಿನಲ್ಲಿ ಕೆಲಸದವರನ್ನು ಮೊದಲಿಟ್ಟು ಬಸ್ ನಡೆಸಲು ಆಗುತ್ತದೆಯೇ ಎಂದು ಯಾರಾದರೂ ಕೇಳಬಹುದು. ಅಮೆರಿಕದ ಕೊಲರಾಡೊ ರಾಜ್ಯದ ಆಸ್ಪೆನ್ ನೋಡಿ. ಹಿಮದಲ್ಲಿ ಸ್ಕೀ ಆಡಲು ಶ್ರೀಮಂತರು ಬರುವ ಊರದು. ಅಲ್ಲಿನ ಮನೆಗಳು ಕೆಲಸದವರ ಕೈಗೆ ಎಟುಕುವುದಿಲ್ಲ. ಅವರು ಕಣಿವೆಯ ಕೆಳಗಿನ ಊರುಗಳಲ್ಲಿ ಇರುತ್ತಾರೆ. ಆಸ್ಪೆನ್‌ನಿಂದ ಗ್ಲೆನ್‌ವುಡ್ ಸ್ಪ್ರಿಂಗ್ಸ್‌ಗೆ ಸುಮಾರು 65 ಕಿಲೋಮೀಟರ್. ಆ ಕಣಿವೆಯ ಊರುಗಳೆಲ್ಲ ಸೇರಿ ನಡೆಸುವ ರೋರಿಂಗ್ ಫೋರ್ಕ್ ಸಾರಿಗೆ ಸಂಸ್ಥೆಯ ಬಸ್ಸುಗಳು ಈ ದೂರವನ್ನು ದಿನವಿಡೀ ಓಡುತ್ತವೆ. 2013ರಲ್ಲಿ ಅವರು ಅಲ್ಲಿ ಬಿಆರ್‌ಟಿ ಎಂಬ ವೇಗದ ಬಸ್ ಮಾರ್ಗವನ್ನೇ ಶುರು ಮಾಡಿದರು. ಅಮೆರಿಕದ ಗ್ರಾಮೀಣ ಭಾಗದಲ್ಲಿ ಅಂಥ ಬಿಆರ್‌ಟಿ ಮಾರ್ಗ ಅದೇ ಮೊದಲು. ಸ್ಕೀ ಹಿಡಿದ ಪ್ರವಾಸಿಯೂ ಸಮವಸ್ತ್ರ ಹಾಕಿದ ಕೆಲಸಗಾರನೂ ಒಂದೇ ಬಸ್ಸಿನಲ್ಲಿ ಕೂರುತ್ತಾರೆ. ಅದರಿಂದ ಆಸ್ಪೆನ್‌ಗೆ ಪ್ರವಾಸಿಗರು ಬರುವುದೇನೂ ನಿಲ್ಲಲಿಲ್ಲ.

ಅಮೆರಿಕದ್ದೇ ಆದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ, ಅಕೇಡಿಯಾ ರಾಷ್ಟ್ರೀಯ ಉದ್ಯಾನದ ಸುತ್ತ, 1999ರಿಂದ ಐಲೆಂಡ್ ಎಕ್ಸ್‌ಪ್ಲೋರರ್ ಎಂಬ ಉಚಿತ ಬಸ್ಸುಗಳು ಓಡುತ್ತಿವೆ. ನಡೆಸುವುದು ಲಾಭಕ್ಕಲ್ಲದ ಒಂದು ಸಂಸ್ಥೆ. ಹೋಟೆಲು, ಡೇರೆ ಹಾಕುವ ಜಾಗ, ಉದ್ಯಾನ, ಸುತ್ತಲಿನ ಹಳ್ಳಿಗಳು, ಎಲ್ಲವನ್ನೂ ಆ ಬಸ್ಸುಗಳು ಜೋಡಿಸುತ್ತವೆ. ಮಾರ್ಗಗಳು ಬಾರ್ ಹಾರ್ಬರ್ ಊರಿನ ನಡುವಿನ ಹಸಿರು ಅಂಗಳದ ಹತ್ತಿರ ಸೇರುತ್ತವೆ, ಯಾವುದೋ ಹೋಟೆಲಿನ ಅಂಗಳದಲ್ಲಲ್ಲ. ಅಂಥ ಚಿಕ್ಕ ವಿಷಯದಲ್ಲೇ ಬಸ್ ಯಾರಿಗೆ ಸೇರಿದ್ದು ಎಂಬುದು ತಿಳಿಯುತ್ತದೆ.

ಹಣ ಎಲ್ಲಿಂದ ತರುವುದು ಎಂಬ ಪ್ರಶ್ನೆ ನ್ಯಾಯವಾದದ್ದು. ಈಗ ಹೋಟೆಲುಗಳು ಕೊಡುವ ವಂತಿಗೆಯಿಂದ ಬಸ್ ನಡೆಯುತ್ತಿದೆ, ಜಾಸ್ತಿ ಕೊಟ್ಟವರ ಬಾಗಿಲಿಗೆ ಬಸ್ ಹೋಗುತ್ತದೆ. ಒಳಗೆ ಹೋಗಿ ಬರುವ ಆ ಸುತ್ತಾಟದ ಮೂಲ ಇಲ್ಲೇ ಇದೆ ಎಂದು ನನ್ನ ಅಭಿಪ್ರಾಯ. ಒಂದೊಂದು ಹೋಟೆಲೂ ತನ್ನ ಸ್ಟಾಪನ್ನು ತಾನು ಕೊಂಡುಕೊಂಡ ಹಾಗೆ ಆಗಿದೆ. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಪ್ರದೇಶದಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ಅಲ್ಲಿ ತಂಗುವ ಅತಿಥಿ ಕಟ್ಟುವ ಪ್ರವಾಸಿ ಶುಲ್ಕದಲ್ಲೇ ಒಂದು ಪಾಲು ಸಾರಿಗೆಗೆ ಹೋಗುತ್ತದೆ. ಬದಲಿಗೆ ಅತಿಥಿಗೆ ಕೋನುಸ್ ಎಂಬ ಕಾರ್ಡ್ ಸಿಗುತ್ತದೆ. ಅದನ್ನು ತೋರಿಸಿ ಆ ಪ್ರದೇಶದ ಬಸ್ಸು, ರೈಲುಗಳಲ್ಲಿ ಉಚಿತವಾಗಿ ಓಡಾಡಬಹುದು. ಗಮನಿಸಿ, ಅತಿಥಿಗಳಿಗೆಂದು ಬೇರೆ ಬಸ್ ಓಡಿಸುತ್ತಿಲ್ಲ. ಊರಿನವರು ಹತ್ತುವ ಬಸ್ಸಿಗೇ ಅತಿಥಿಯೂ ಹತ್ತುತ್ತಾರೆ. ಅತಿಥಿಯ ಹಣದಿಂದ ಊರಿನ ಬಸ್ಸಿಗೂ ಬಲ ಬರುತ್ತದೆ. ನಮ್ಮಲ್ಲೂ ಹೋಟೆಲುಗಳ ವಂತಿಗೆಯನ್ನು ಕೊಠಡಿಗಳ ಲೆಕ್ಕದಲ್ಲಿ ಎಲ್ಲರಿಂದಲೂ ಒಂದೇ ನಿಯಮದಲ್ಲಿ ತೆಗೆದುಕೊಂಡು, ಮಾರ್ಗ ಹಾಕುವ ಕೆಲಸವನ್ನು ಅದರಿಂದ ಪೂರ್ತಿ ಬೇರೆ ಮಾಡಬಹುದು.

ಇನ್ನು ನಡೆಯಲಾಗದವರ ಮಾತು. ವೀಲ್‌ಚೇರಿನಲ್ಲಿ ಬಂದ ಅತಿಥಿಗಳನ್ನು ನಿಮ್ಮ ಬಸ್ ಬಿಟ್ಟುಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ರ‍್ಯಾಂಪ್ ಕೆಟ್ಟಿತ್ತು, ಒಮ್ಮೆ ಬಸ್ ತುಂಬಿತ್ತು. ಮುಂದಿನ ಬಸ್ಸಿಗೆ ಬನ್ನಿ ಎಂದರು, ಅದರಲ್ಲಿ ಮೆಟ್ಟಿಲು ಇತ್ತು. ಎಲ್ಲ ಬಸ್ಸೂ ಲೋ ಫ್ಲೋರ್ ಇರಲಿ. ರ‍್ಯಾಂಪ್ ಕೆಲಸ ಮಾಡುತ್ತಿದೆಯೇ ಎಂದು ಬೆಳಗ್ಗೆ ಡಿಪೋದಿಂದ ಹೊರಡುವ ಮೊದಲೇ ನೋಡಲಿ, ಕೆಟ್ಟಿದ್ದರೆ ಆ ಬಸ್ ಹೊರಗೆ ಬರುವುದು ಬೇಡ. ಮುಖ್ಯ ರಸ್ತೆಯವರೆಗೂ ಬರಲಾಗದವರಿಗೆ, ಫೋನ್ ಮಾಡಿದರೆ ಹೋಟೆಲಿನ ಬಾಗಿಲಿಗೇ ಬರುವ ಒಂದೆರಡು ಚಿಕ್ಕ ವ್ಯಾನ್ ಇಡಿ. ಎಲ್ಲ ದೊಡ್ಡ ಬಸ್ಸುಗಳನ್ನೂ ಎಲ್ಲ ಪೋರ್ಟಿಕೋಗೂ ನುಗ್ಗಿಸುವುದಕ್ಕಿಂತ ಅದು ಕಡಿಮೆ ಖರ್ಚಿನ ಕೆಲಸ, ಅವರಿಗೂ ಅದೇ ಅನುಕೂಲ. ಸ್ಟಾಪಿನ ಹೆಸರು ಕೂಗಿ ಹೇಳುವುದೂ ನಡೆಯುತ್ತಿಲ್ಲ. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆ ಬಂದ ಮೇಲೆ ನಿಗದಿತ ಮಾರ್ಗದ ಬಸ್ಸುಗಳಲ್ಲಿ ಮುಖ್ಯ ಸ್ಟಾಪುಗಳನ್ನು ಹೇಳಲೇಬೇಕು ಎಂಬ ನಿಯಮ ಇದೆ. ಕಣ್ಣು ಕಾಣದವರಿಗೆ ಮಾಡಿದ ನಿಯಮ, ಊರು ಗೊತ್ತಿಲ್ಲದ ಪ್ರತಿ ಪ್ರವಾಸಿಗೂ ಉಪಯೋಗ.

ಮಾಹಿತಿಯ ವಿಷಯದಲ್ಲಿ ಒಂದು ಸುಲಭದ ಕೆಲಸ ಬಾಕಿ ಇದೆ. ಹೊಸಬರು ಊರಿಗೆ ಬಂದ ಕೂಡಲೇ ಫೋನಿನ ನಕ್ಷೆ ತೆರೆದು ದಾರಿ ಹುಡುಕುತ್ತಾರೆ. ನಿಮ್ಮ ಬಸ್ ಅದರಲ್ಲಿ ಇಲ್ಲ. ಕಾರು ಅಥವಾ ಟ್ಯಾಕ್ಸಿ ಎಂದು ಮಾತ್ರ ತೋರಿಸುತ್ತದೆ. ನಿಮ್ಮದೇ ಬೇರೆ ಆ್ಯಪ್ ಇದೆ ಎಂದು ನನಗೆ ಗೊತ್ತು. ಎರಡು ದಿನಕ್ಕೆ ಬಂದವರು ಅದನ್ನು ಹುಡುಕಿ ಹಾಕಿಕೊಳ್ಳುವುದಿಲ್ಲ. ಬಸ್ ಮಾರ್ಗ, ಸ್ಟಾಪ್, ವೇಳೆ ಇವನ್ನೆಲ್ಲ ಒಂದೇ ಮಾದರಿಯಲ್ಲಿ ಬರೆದಿಡುವ ಜಿಟಿಎಫ್‌ಎಸ್ ಎಂಬ ಪದ್ಧತಿ ಇದೆ. ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದ ಸಾರಿಗೆ ಸಂಸ್ಥೆ ಟ್ರೈಮೆಟ್ ಮತ್ತು ಗೂಗಲ್ ಸೇರಿ 2005ರಲ್ಲಿ ಶುರು ಮಾಡಿದ ಕೆಲಸ ಅದು. ಇವತ್ತು ಪ್ರಪಂಚದ ಸಾವಿರಾರು ಬಸ್ ಸಂಸ್ಥೆಗಳು ಅದೇ ಮಾದರಿ ಬಳಸುತ್ತವೆ. ನೀವೂ ಆ ಕಡತ ತಯಾರಿಸಿ ಎಲ್ಲರಿಗೂ ತೆರೆದಿಟ್ಟರೆ ಜನ ಬಳಸುವ ನಕ್ಷೆಗಳಲ್ಲಿ ನಿಮ್ಮ ಬಸ್ ಕಾಣುತ್ತದೆ. ಬಸ್ ಈಗ ಎಲ್ಲಿದೆ ಎಂಬುದನ್ನೂ ಹೀಗೆಯೇ ಕೊಡಬಹುದು. ಫೋನ್ ಇಲ್ಲದವರಿಗೆ ಸ್ಟಾಪಿನ ಕಂಬದ ಮೇಲೆ ದೊಡ್ಡ ಅಕ್ಷರದ ವೇಳಾಪಟ್ಟಿ ಬೇಕು. ಈಗಿನ ಬೋರ್ಡುಗಳಲ್ಲಿ ಹೋಟೆಲುಗಳ ಗುರುತು ದೊಡ್ಡದಾಗಿದೆ, ಬಸ್ಸಿನ ವೇಳೆ ಹುಡುಕಬೇಕು.

ಹೊಸ ಬ್ಯಾಟರಿ ಬಸ್ಸುಗಳ ಬಗ್ಗೆ ಇತ್ತೀಚೆಗೆ ತುಂಬಾ ಹೇಳುತ್ತಿದ್ದೀರಿ. ಬರಲಿ, ಸಂತೋಷ. ಹೊಗೆ, ಸದ್ದು ಕಡಿಮೆಯಾದರೆ ಸ್ಟಾಪಿನಲ್ಲಿ ನಿಲ್ಲುವ ನಮಗೇ ಒಳ್ಳೆಯದು. ಆದರೆ ಒಂದು ಮಾತು ನೆನಪಿಡಿ. ಬ್ಯಾಟರಿ ಬಸ್ಸುಗಳೂ ಜೋಡಿಯಾಗಿ ಬಂದರೆ ಕಾಯುವ ಹೊತ್ತು ಇಷ್ಟೇ ಇರುತ್ತದೆ. ಸೆಕೆಯ ದಿನಗಳಲ್ಲಿ ಎಸಿ ಹಾಕಿಕೊಂಡೇ ಓಡಬೇಕು, ಬ್ಯಾಟರಿ ಬೇಗ ಇಳಿಯುತ್ತದೆ, ಮಧ್ಯೆ ಚಾರ್ಜ್ ಮಾಡಲು ಹೊತ್ತು ಬೇಕು. ಬಿಡುವೇ ಇಲ್ಲದ ಈಗಿನ ವೇಳಾಪಟ್ಟಿಯಲ್ಲಿ ಆ ಹೊತ್ತು ಎಲ್ಲಿಂದ ಬರುತ್ತದೆ? ಮಾರ್ಗದ ಕೊನೆಯಲ್ಲಿ ಬಿಡುವು ಇಟ್ಟರೆ ಚಾರ್ಜ್ ಆಗುತ್ತದೆ, ಡ್ರೈವರಿಗೆ ವಿಶ್ರಾಂತಿ ಸಿಗುತ್ತದೆ, ತಡವಾದ ಬಸ್ ಸರಿದೂಗುತ್ತದೆ. ಮೊದಲು ವೇಳಾಪಟ್ಟಿ ಸರಿ ಮಾಡಿ, ಆಮೇಲೆ ಬಸ್ ಕೊಳ್ಳಿ.

ಮಾನ್ಯರೇ, ನಿಮ್ಮ ಮಂಡಳಿಯಲ್ಲಿ ಯಾರಿದ್ದಾರೆ ಎಂದು ನೋಡಿದರೆ ಹೋಟೆಲ್ ಮಾಲೀಕರಿದ್ದಾರೆ, ಪಾರ್ಕಿನವರಿದ್ದಾರೆ, ವ್ಯಾಪಾರಿಗಳಿದ್ದಾರೆ. ದಿನಾ ಬಸ್ ಹತ್ತುವವರು ಒಬ್ಬರೂ ಇಲ್ಲ. ಓಡಿಸುವವರೂ ಇಲ್ಲ. ಅಲ್ಲಿರುವವರು ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ನಮ್ಮ ಮಾಲೀಕರ ವರ್ಗದಲ್ಲಿ ಬಸ್ಸಿಗಾಗಿ ಪ್ರಾಮಾಣಿಕವಾಗಿ ಶ್ರಮಪಟ್ಟವರನ್ನು ನಾನು ಬಲ್ಲೆ. ಆದರೆ ಸ್ಟಾಪಿನಲ್ಲಿ ನಿಂತು ಕಾಯದವರಿಗೆ ಕಾಯುವುದು ಕಾಣುವುದಿಲ್ಲ. ಹಾಗಾಗಿ ಮಂಡಳಿಯಲ್ಲಿ ಕೆಲಸದವರ ಪರವಾಗಿ ಒಬ್ಬರಿಗೆ, ಡ್ರೈವರುಗಳ ಪರವಾಗಿ ಒಬ್ಬರಿಗೆ, ಸುತ್ತಲಿನ ನಿವಾಸಿಗಳ ಪರವಾಗಿ ಒಬ್ಬರಿಗೆ ಮತ ಹಾಕುವ ಹಕ್ಕಿರುವ ಸ್ಥಾನ ಕೊಡಿ. ಸುಮ್ನೆ ಸಲಹೆಗಾರರು ಎಂದು ಕೂರಿಸಿದರೆ ಸಾಲದು.

ಎಲ್ಲವನ್ನೂ ಒಂದೇ ಸಲ ಮಾಡಲು ಆಗದು ಎಂದು ನನಗೂ ಗೊತ್ತು. ಹಣವಿಲ್ಲದೆ ಈ ತಿಂಗಳೇ ಆಗುವ ಕೆಲಸಗಳೂ ಇವೆ. ಕೆಲಸದವರಿಗೆ ತಿಂಗಳ ಪಾಸ್ ಕೊಡಬಹುದು. ವೇಳಾಪಟ್ಟಿಯ ಕಡತ ತೆರೆದಿಡಬಹುದು. ಮಧ್ಯಾಹ್ನದ ಎರಡು ಬಸ್ಸನ್ನು ಬೆಳಗಿನ ಜಾವಕ್ಕೆ ಮತ್ತು ತಡರಾತ್ರಿಗೆ ಬದಲಿಸಬಹುದು. ಅದಕ್ಕೆ ಎಲ್ಲ ಹೋಟೆಲುಗಳ ಶಿಫ್ಟ್ ಸಮಯ ಬೇಕು. ನಮ್ಮ ಹೋಟೆಲಿನದನ್ನು ಬರೆದುಕೊಡಲು ನಾನು ತಯಾರಿದ್ದೇನೆ. ಬೇರೆ ಹೋಟೆಲುಗಳ ಗೆಳತಿಯರೂ ಕೊಡುತ್ತೇವೆ ಎಂದಿದ್ದಾರೆ. ಮಾರ್ಗ ಬದಲಿಸುವುದು, ವಂತಿಗೆಯ ನಿಯಮ ಬದಲಿಸುವುದು ದೊಡ್ಡ ಕೆಲಸ. ಅದಕ್ಕೆ ಮುಂದಿನ ಸೀಸನ್ ಶುರುವಾಗುವ ಮೊದಲು ಒಂದು ಬಹಿರಂಗ ಸಭೆ ಕರೆಯಿರಿ. ಆ ಸಭೆ ಶಿಫ್ಟಿನ ಮಧ್ಯೆ ಬೇಡ. ಮಧ್ಯಾಹ್ನ ಶಿಫ್ಟ್ ಬದಲಾಗುವ ಹೊತ್ತಿಗೆ ಇಟ್ಟರೆ ಎರಡೂ ಪಾಳಿಯವರು ಬರಬಹುದು.

ಪ್ರತಿ ತಿಂಗಳು ಎಷ್ಟು ಟ್ರಿಪ್ ಓಡಿಸಿದಿರಿ ಎಂಬ ವರದಿಯ ಜೊತೆ, ಪ್ರತಿ ಸ್ಟಾಪಿನಲ್ಲಿ ಜನ ಎಷ್ಟು ಹೊತ್ತು ಕಾದರು, ತುಂಬಿದ ಬಸ್ ಎಷ್ಟು ಸಲ ನಿಲ್ಲಿಸದೆ ಹೋಯಿತು, ವೀಲ್‌ಚೇರಿನವರನ್ನು ಎಷ್ಟು ಸಲ ಬಿಟ್ಟುಹೋಯಿತು ಎಂಬುದನ್ನೂ ಪ್ರಕಟಿಸಿ. ಬಸ್ಸುಗಳಲ್ಲಿ ಜಿಪಿಎಸ್ ಈಗಾಗಲೇ ಇದೆ, ಕಾಯುವ ಹೊತ್ತಿನ ಲೆಕ್ಕ ತೆಗೆಯುವುದು ಕಷ್ಟವಲ್ಲ. ಉಳಿದದ್ದನ್ನು ಡ್ರೈವರುಗಳು ಬರೆದಿಡಬಹುದು.

ಈ ಪತ್ರದ ಒಂದು ಪ್ರತಿಯನ್ನು ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ಮುಂದಿನ ಮಂಡಳಿ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸುತ್ತೀರೋ ಇಲ್ಲವೋ ಎಂದು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಸೇರಿಸಿದರೆ ಅಂದು ಬಂದು ಮಾತಾಡಲು ನಾನು ರಜೆ ಹಾಕುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ರೆಸಾರ್ಟ್ ವಲಯದ ಒಬ್ಬ ಹೋಟೆಲ್ ಉದ್ಯೋಗಿ, ಶಟಲ್ ಬಸ್ಸಿನ ನಿತ್ಯ ಪ್ರಯಾಣಿಕಳು